ನಿಲ್ಲದೆ ಹೋದವನ ಹೊಣೆ

ವಿಜಯಪುರದಿಂದ ಹೊರಡುವ ಎರಡು ರಸ್ತೆಗಳನ್ನು ನೆನಪಿಸಿಕೊಳ್ಳಿ. ಒಂದು ಅಥಣಿಯ ಕಡೆ ಹೋಗುತ್ತ ತಿಕೋಟಾ ಮುಟ್ಟುತ್ತದೆ, ಇನ್ನೊಂದು ಜಮಖಂಡಿಯ ಕಡೆ ಹೋಗುತ್ತ ಬಬಲೇಶ್ವರ ಮುಟ್ಟುತ್ತದೆ. ಒಂದು ಸಂಜೆ, ಒಂದೊಂದು ರಸ್ತೆಯಲ್ಲಿ ಒಬ್ಬೊಬ್ಬ ಹುಡುಗ ಬೈಕಿನಲ್ಲಿ ಹೊರಟಿದ್ದಾನೆ ಎಂದು ಊಹಿಸಿಕೊಳ್ಳೋಣ. ಇಬ್ಬರದೂ ಒಂದೇ ವಯಸ್ಸು, ಒಂದೇ ವೇಗ. ಇಬ್ಬರ ಒಂದು ಕೈಯಲ್ಲೂ ಮೊಬೈಲು. ತಿಕೋಟಾದ ಹುಡುಗನ ಮುಂದೆ ರಸ್ತೆ ಖಾಲಿ ಇತ್ತು. ಮನೆ ಮುಟ್ಟಿ ರೊಟ್ಟಿ ಉಂಡು ಮಲಗಿದ. ಬಬಲೇಶ್ವರದ ಹುಡುಗನ ಮುಂದೆ ಹೊಲದಿಂದ ಮರಳುತ್ತಿದ್ದ ಮುದುಕಿಯೊಬ್ಬಳು ರಸ್ತೆ ದಾಟುತ್ತಿದ್ದಳು. ಇಬ್ಬರಲ್ಲಿ ಯಾರ ತಪ್ಪು ದೊಡ್ಡದು?

ಕಾನೂನಿನ ಲೆಕ್ಕದಲ್ಲಿ ಉತ್ತರ ಸರಳ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಂ ಪ್ರಕಾರ, ಜನರ ಜೀವಕ್ಕೆ ಅಪಾಯವಾಗುವಂತೆ ವಾಹನ ಓಡಿಸಿದರೆ 6 ತಿಂಗಳವರೆಗೆ ಜೈಲು ಅಥವಾ 1000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. 1860ರ ದಂಡ ಸಂಹಿತೆಯಲ್ಲಿದ್ದ ಆ ಸಾವಿರ ರೂಪಾಯಿ ಇಂದಿಗೂ ಹಾಗೇ ಉಳಿದಿದೆ. ಅದೇ ಅಜಾಗರೂಕತೆಯಿಂದ ಒಬ್ಬರು ಸತ್ತರೆ 106ನೇ ಕಲಂ ಬರುತ್ತದೆ, ಶಿಕ್ಷೆ 5 ವರ್ಷದವರೆಗೆ ಏರುತ್ತದೆ. ಹುಡುಗರು ಮಾಡಿದ್ದು ಒಂದೇ ಕೆಲಸ. ವ್ಯತ್ಯಾಸವಾದದ್ದು ಎದುರಿಗೆ ಯಾರು ಬಂದರು ಎಂಬುದರಿಂದ.

ತತ್ವಶಾಸ್ತ್ರದಲ್ಲಿ ಇದನ್ನು ‘ನೈತಿಕ ಅದೃಷ್ಟ’ದ ಸಮಸ್ಯೆ ಎನ್ನುತ್ತಾರೆ. 1976ರಲ್ಲಿ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನಾಗೆಲ್ ಇದನ್ನು ಚರ್ಚೆಗೆ ತಂದರು. ನಾಗೆಲ್ ಕೊಟ್ಟ ಉದಾಹರಣೆಗಳಲ್ಲಿ ಬ್ರೇಕು ತಪಾಸಣೆ ಮಾಡಿಸದ ಲಾರಿ ಚಾಲಕನೂ ಇದ್ದಾನೆ: ಮಗುವೊಂದು ಅಡ್ಡ ಬಂದರೆ ಅವನು ಜೀವನವಿಡೀ ನರಳುತ್ತಾನೆ, ಬರದಿದ್ದರೆ ತನ್ನ ತಪ್ಪು ಅವನಿಗೆ ಹೊಳೆಯುವುದೂ ಇಲ್ಲ. ನಮ್ಮಲ್ಲೂ ಹಾಗೆಯೇ. ‘ದೇವರು ದೊಡ್ಡವನು, ಏನೂ ಆಗಲಿಲ್ಲ’ ಎಂದು ಹೇಳಿ ತಿಕೋಟಾದ ಹುಡುಗನನ್ನು ನಾವು ಬಿಟ್ಟುಬಿಡುತ್ತೇವೆ. ಅವನು ಬಚಾವಾದದ್ದು ನಿಜ. ಅಷ್ಟರಿಂದಲೇ ಅವನು ನಿರಪರಾಧಿಯಾಗುವುದಿಲ್ಲ.

ಆದರೆ ಅದೃಷ್ಟದ ಆಟ ಮುದುಕಿ ಬಿದ್ದ ಕ್ಷಣಕ್ಕೇ ಮುಗಿಯುತ್ತದೆ. ಅಲ್ಲಿಂದ ಮುಂದೆ ನಿಲ್ಲಬೇಕೋ ಓಡಬೇಕೋ ಎಂಬುದು ಬಬಲೇಶ್ವರದ ಹುಡುಗನ ಕೈಯಲ್ಲೇ ಇದೆ. ಮೋಟಾರು ವಾಹನ ಕಾಯ್ದೆಯ 134ನೇ ಕಲಂ ಗಾಯಗೊಂಡವರಿಗೆ ಚಿಕಿತ್ಸೆ ಸಿಗುವಂತೆ ಮಾಡುವುದನ್ನೂ ಪೊಲೀಸರಿಗೆ ತಿಳಿಸುವುದನ್ನೂ ಚಾಲಕನ ಕರ್ತವ್ಯ ಎನ್ನುತ್ತದೆ. ಸಾಮಾನ್ಯ ಮನುಷ್ಯನ ಭಯವನ್ನೂ ಆ ಕಲಂ ಬಲ್ಲದು: ರೊಚ್ಚಿಗೆದ್ದ ಜನರಿಂದಾಗಿ ನೆರವು ನೀಡಲು ಆಗದಿದ್ದರೆ ವಿನಾಯಿತಿ ಇದೆ. ಅಂದರೆ ಜೀವ ಉಳಿಸಿಕೊಳ್ಳಲು ಸ್ಥಳ ಬಿಟ್ಟು ಹೋಗಬಹುದು; ಠಾಣೆಗೆ ತಿಳಿಸದೆ ಕಣ್ಮರೆಯಾಗುವಂತಿಲ್ಲ.

ಹಾಗಾದರೆ ಓಡಿಹೋದವನಿಗೆ ಕಠಿಣ ಶಿಕ್ಷೆ ಕೊಟ್ಟರೆ ಸಾಕಲ್ಲವೆ? ಹೊಸ ಸಂಹಿತೆ ಅದನ್ನೇ ಮಾಡಹೊರಟಿತ್ತು. ಸಾವಿಗೆ ಕಾರಣನಾಗಿ, ಯಾರಿಗೂ ವರದಿ ಮಾಡದೆ ಪರಾರಿಯಾದವನಿಗೆ 106(2)ನೇ ಕಲಂ 10 ವರ್ಷದವರೆಗೆ ಜೈಲು ಹೇಳುತ್ತದೆ. 2024ರ ಜನವರಿಯಲ್ಲಿ ಲಾರಿ ಚಾಲಕರು ದೇಶದ ಹಲವೆಡೆ ಮುಷ್ಕರ ಹೂಡಿದರು. ಸಂಹಿತೆ ಜಾರಿಗೆ ಬಂದಾಗ ಈ ಉಪಕಲಂ ಹೊರಗುಳಿಯಿತು. ‘ನಿಂತರೆ ಜನ ಹೊಡೆದು ಕೊಲ್ಲುತ್ತಾರೆ, ಓಡಿದರೆ ಕಾನೂನು ಕೊಲ್ಲುತ್ತದೆ’ ಎಂಬ ಅವರ ಅಳಲು ಸುಳ್ಳಲ್ಲ. ‘ನಿಲ್ಲು’ ಎಂದು ಹೇಳುವ ಸಮಾಜ, ನಿಂತವನು ಜೀವಸಹಿತ ಠಾಣೆ ಮುಟ್ಟುವಂತೆಯೂ ನೋಡಿಕೊಳ್ಳಬೇಕು.

ನಿಲ್ಲಿಸುವವರಿಗೂ ಇದೇ ಮಾತು ಅನ್ವಯಿಸುತ್ತದೆ. ಹೆಲ್ಮೆಟ್ ಇಲ್ಲದ ಹುಡುಗ ಪೊಲೀಸರನ್ನು ಕಂಡೊಡನೆ ಗಾಡಿ ತಿರುಗಿಸಿ ಓಣಿಗೆ ನುಗ್ಗುತ್ತಾನೆ. ‘ಏ ತಮ್ಮಾ, ನಿಲ್ಲಪಾ’ ಎಂಬ ಕೂಗು ಹಿಂದೆಯೇ ಉಳಿಯುತ್ತದೆ. ಕೆಲವು ನೂರು ರೂಪಾಯಿಯ ದಂಡ ತಪ್ಪಿಸಲು ಅವನು ಓಣಿಯಲ್ಲಿ ಆಡುವ ಮಕ್ಕಳ ಜೀವವನ್ನು ಪಣಕ್ಕಿಡುತ್ತಾನೆ. ಅವನನ್ನು ಬೆನ್ನಟ್ಟಿದರೆ ಪಣ ಇನ್ನೂ ದೊಡ್ಡದಾಗುತ್ತದೆ. 2025ರ ಮೇ ತಿಂಗಳಲ್ಲಿ ಮಂಡ್ಯದಲ್ಲಿ ಹೆಲ್ಮೆಟ್ ತಪಾಸಣೆಗೆಂದು ಬೈಕೊಂದನ್ನು ತಡೆದಾಗ, ಹೆತ್ತವರ ಜೊತೆ ಆಸ್ಪತ್ರೆಗೆ ಹೊರಟಿದ್ದ ಮಗು ಕೆಳಗೆ ಬಿದ್ದು ಪ್ರಾಣ ಕಳೆದುಕೊಂಡಿತು. ಆ ಹೆತ್ತವರು ಓಡಿಹೋಗುತ್ತಿರಲಿಲ್ಲ. ಮೂವರು ಎಎಸ್‌ಐಗಳು ಅಮಾನತಾದರು. ವಾಹನಗಳನ್ನು ಏಕಾಏಕಿ ಅಡ್ಡಗಟ್ಟಬಾರದು, ಬೆನ್ನಟ್ಟಬಾರದು ಎಂಬ ಸೂಚನೆ ರಾಜ್ಯದ ಪೊಲೀಸ್ ಮುಖ್ಯಸ್ಥರಿಂದ ಬಂತು. ಸರಿಯಾದ ಸೂಚನೆಯೇ. ನಂಬರು ಬರೆದುಕೊಂಡರೆ ನೋಟಿಸು ನಾಳೆಯೂ ಮನೆಗೆ ಹೋಗುತ್ತದೆ. ಹೋದ ಜೀವ ಮರಳುವುದಿಲ್ಲ.

ಬೆನ್ನಟ್ಟುವವರು ಇಲ್ಲದಾಗ ಸವಾರನ ಹೊಣೆ ಕಡಿಮೆಯಾಗುತ್ತದೆಯೆ? ಇಲ್ಲ, ಆಗ ಅದು ಪೂರ್ತಿ ಅವನದೇ ಆಗುತ್ತದೆ. ‘ಉತ್ತರದಾಯಿತ್ವ’ ಎಂಬ ಪದದೊಳಗೇ ‘ಉತ್ತರ’ ಇದೆ. ಉತ್ತರ ಕೊಡಬೇಕಾದವನು ಮೊದಲು ಸಿಗುವಂತಿರಬೇಕು. ಅಪ್ರಾಪ್ತ ಮಗನಿಗೆ ಕೀಲಿ ಕೊಟ್ಟ ತಂದೆಯೂ ಹಾಗೆ ಸಿಗಬೇಕಾದವನೇ. 199ಎ ಕಲಂ ಪ್ರಕಾರ ಅವನಿಗೆ 3 ವರ್ಷದವರೆಗೆ ಜೈಲು, ಜೊತೆಗೆ 25,000 ರೂಪಾಯಿ ದಂಡ.

ಓಡಿಹೋಗುವವನು ತಾನು ಪೊಲೀಸರಿಂದ ತಪ್ಪಿಸಿಕೊಂಡೆ ಎಂದುಕೊಳ್ಳುತ್ತಾನೆ. ನಿಜಕ್ಕೂ ಅವನು ಬಿಟ್ಟುಹೋಗುವುದು ಗಾಯಗೊಂಡವರನ್ನು. ಗಾಯವಾದ ಮೊದಲ ಒಂದು ಗಂಟೆಯನ್ನು ಕಾಯ್ದೆಯೇ ‘ಸುವರ್ಣ ಗಂಟೆ’ ಎಂದು ಕರೆಯುತ್ತದೆ. ಆ ಅವಧಿಯಲ್ಲಿ ಚಿಕಿತ್ಸೆ ಸಿಕ್ಕರೆ ಬದುಕುವ ಸಾಧ್ಯತೆ ಹೆಚ್ಚು. ದೀಪವಿಲ್ಲದ ರಸ್ತೆಯ ಅಂಚಿನಲ್ಲಿ, ದ್ರಾಕ್ಷಿ ತೋಟದ ಬದಿಗೆ ಒಬ್ಬಳು ಬಿದ್ದಿದ್ದಾಳೆ ಎಂಬುದು ಆ ಗಂಟೆಯಲ್ಲಿ ಜಗತ್ತಿನಲ್ಲಿ ಒಬ್ಬನಿಗೆ ಮಾತ್ರ ಗೊತ್ತಿರುತ್ತದೆ. 108ಕ್ಕೆ ಕರೆ ಮಾಡಬಲ್ಲವನೂ ಅವನೊಬ್ಬನೇ. ಮೊಬೈಲು ಹೇಗೂ ಅವನ ಕೈಯಲ್ಲೇ ಇದೆ.