ಬಾಗಿಲು ಹಾಕಿದವರ ಹೊಣೆ

ಕುಡಿತಕ್ಕೆ ಬಿದ್ದವನಿಗೆ ಸರ್ಕಾರವೇ ಅಳೆದು ಕುಡಿಸಬಹುದೆ? ಸ್ಯಾನ್ ಫ್ರಾನ್ಸಿಸ್ಕೋ ನಗರ 2020ರಲ್ಲಿ ಅದನ್ನು ಮಾಡಿತು. ಕೊರೋನಾ ಹರಡದಿರಲೆಂದು ಬೀದಿಯಲ್ಲಿ ಮಲಗುತ್ತಿದ್ದವರನ್ನು ಹೋಟೆಲ್ ಕೋಣೆಗಳಲ್ಲಿ ಇರಿಸಿದ್ದರು. ಅವರಲ್ಲಿ ಕೆಲವರು ಎದ್ದ ಗಳಿಗೆಯಿಂದ ಕುಡಿಯುವವರು. ಕುಡಿಯಲು ಸಿಗದಿದ್ದರೆ ಅವರು ಕೋಣೆಯಲ್ಲೇ ಫಿಟ್ಸ್ ಬಂದು ಸಾಯಬಹುದು. ಹುಡುಕಿಕೊಂಡು ಹೊರಗೆ ಹೋದರೆ ಸೋಂಕು ಊರಿಗೆಲ್ಲ ಹಬ್ಬಬಹುದು. ನಗರದ ಆರೋಗ್ಯ ಇಲಾಖೆ ಮೂರನೆಯ ದಾರಿ ಹಿಡಿಯಿತು. ನರ್ಸ್ ಬಂದು ಒಬ್ಬೊಬ್ಬರೂ ಎಷ್ಟು ಅಮಲಿನಲ್ಲಿದ್ದಾರೆಂದು ನೋಡುತ್ತಿದ್ದರು, ಆಮೇಲೆ ಸುಮಾರು 50 ಮಿ.ಲೀ. ವೋಡ್ಕಾ, ಇಲ್ಲವೆ ಒಂದು ಲೋಟ ವೈನ್, ಇಲ್ಲವೆ ಒಂದು ಕ್ಯಾನ್ ಬಿಯರ್ ಕೊಡುತ್ತಿದ್ದರು. ದಿನಕ್ಕೆ ಮೂರು ನಾಲ್ಕು ಸಲ. ಜೊತೆಗೆ ಊಟ, ಔಷಧ.

ಕೊರೋನಾ ಇಳಿದ ಮೇಲೂ ಇದು ಟೆಂಡರ್‌ಲಾಯ್ನ್ ಪ್ರದೇಶದ ಹಳೆಯ ಹೋಟೆಲೊಂದರಲ್ಲಿ 20 ಹಾಸಿಗೆಗಳೊಂದಿಗೆ ಮುಂದುವರಿಯಿತು. ವರ್ಷದ ಖರ್ಚು ಸುಮಾರು 50 ಲಕ್ಷ ಡಾಲರ್ ಆಗಿತ್ತು. 2024ರ ಮೇ ತಿಂಗಳಲ್ಲಿ ಸಾಲ್ವೇಶನ್ ಆರ್ಮಿಯ ಸ್ಥಳೀಯ ಸಲಹಾ ಮಂಡಳಿಯ ಅಧ್ಯಕ್ಷ ಆ್ಯಡಮ್ ನೇಥನ್ ಇದನ್ನು ಬಹಿರಂಗವಾಗಿ ಆಕ್ಷೇಪಿಸಿದರು. ತೆರಿಗೆ ಹಣ ಹೋಗಬೇಕಾದದ್ದು ಕುಡಿತ ಬಿಡಿಸುವುದಕ್ಕೆ, ಪುಕ್ಕಟೆ ಕುಡಿಸುವುದಕ್ಕಲ್ಲ ಎಂಬುದು ಅವರ ವಾದದ ತಿರುಳು. ಸಾರಾಯಿ ಎಷ್ಟು ಮನೆ ಮುರಿಯಿತೆಂದು ಕಂಡವರು, 2007ರ ಜುಲೈ 1ರಿಂದ ಕರ್ನಾಟಕ ಅದನ್ನು ನಿಷೇಧಿಸಿದಾಗ ನೆಮ್ಮದಿಪಟ್ಟವರು ನೇಥನ್ ಪರವಾಗಿ ನಿಲ್ಲುವುದು ಸಹಜವೇ. ಆದರೂ ಈ ಜಗಳದಲ್ಲಿ ಎರಡು ಪ್ರಶ್ನೆಗಳು ಕಲಸಿಹೋಗಿವೆ. ಕುಡಿತಕ್ಕೆ ಬಿದ್ದವನು ಅದನ್ನು ಬಿಡಬೇಕೆ ಎಂಬುದು ಒಂದು. ಬೇರೆ ಯಾರೋ ಆತನ ಕುಡಿತ ನಿಲ್ಲಿಸಿದಾಗ ಆತನ ಜೀವಕ್ಕೆ ಯಾರು ಹೊಣೆ ಎಂಬುದು ಇನ್ನೊಂದು.

ದೇಹ ಏನು ಮಾಡುತ್ತದೆಂದು ಮೊದಲು ನೋಡೋಣ. ಮದ್ಯ ಮಿದುಳನ್ನು ಮಂದ ಮಾಡುತ್ತದೆ. ವರ್ಷಗಟ್ಟಲೆ ದಿನವೂ ಕುಡಿದವನ ಮಿದುಳು ಆ ಮಂದತೆಗೆ ಎದುರಾಗಿ ತನ್ನ ಉದ್ರೇಕವನ್ನು ಹೆಚ್ಚಿಸಿಕೊಂಡೇ ಇರುತ್ತದೆ. ಹಗ್ಗಜಗ್ಗಾಟದಲ್ಲಿ ಎದುರಿನವರು ತಟ್ಟನೆ ಹಗ್ಗ ಬಿಟ್ಟರೆ ಈಚೆಯವರು ಬೀಳುವಂತೆ, ಮದ್ಯ ನಿಂತೊಡನೆ ಆ ಉದ್ರೇಕಕ್ಕೆ ತಡೆಯೇ ಇರುವುದಿಲ್ಲ. ಕೆಲವೇ ಗಂಟೆಗಳಲ್ಲಿ ಕೈನಡುಕ, ಬೆವರು. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದೊಳಗೆ ಕೆಲವರಿಗೆ ಡೆಲಿರಿಯಂ ಟ್ರೆಮೆನ್ಸ್: ಗೋಡೆಯ ಮೇಲೆ ಇಲ್ಲದ ಹುಳ ಕಾಣುತ್ತದೆ, ಹೆಂಡತಿಯ ಗುರುತು ಹತ್ತುವುದಿಲ್ಲ, ಜ್ವರ ಮತ್ತು ನಾಡಿ ಏರುತ್ತವೆ. ಚಿಕಿತ್ಸೆ ಇಲ್ಲದಿದ್ದರೆ ಸಾವೂ ಬರಬಹುದು.

ಇದು ಪೌಷ್ಟಿಕ ಆಹಾರದ ಕೊರತೆಯಿಂದಲೋ ಮದ್ಯದ ನಂಜಿನಿಂದಲೋ ಎಂದು ವೈದ್ಯರೇ ಬಹುಕಾಲ ವಾದಿಸುತ್ತಿದ್ದರು. 1955ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಅಮೆರಿಕದ ಲೆಕ್ಸಿಂಗ್ಟನ್‌ನಲ್ಲಿ ಹ್ಯಾರಿಸ್ ಇಸ್ಬೆಲ್ ಮತ್ತು ಸಂಗಡಿಗರು ಹತ್ತು ಮಂದಿಗೆ ಒಳ್ಳೆಯ ಊಟ, ವಿಟಮಿನ್ ಕೊಟ್ಟು ವಾರಗಟ್ಟಲೆ ಮದ್ಯ ಕುಡಿಸಿ ನಿಲ್ಲಿಸಿದರು. ದೀರ್ಘಕಾಲ ಕುಡಿದವರಲ್ಲಿ ಫಿಟ್ಸೂ ಭ್ರಮೆಯೂ ಕಾಣಿಸಿಕೊಂಡವು. ಕಾರಣ ನಿಲ್ಲಿಸಿದ್ದೇ ಎಂದು ಖಚಿತವಾಯಿತು. ಆ ಹತ್ತು ಮಂದಿ ಕೈದಿಗಳು. ಅಂಥ ಪ್ರಯೋಗ ಇಂದು ಯಾರೂ ಮಾಡಕೂಡದು. ಅವರ ದೇಹದಿಂದ ಕಲಿತದ್ದನ್ನು ನಾವು ಮರೆಯಲೂ ಕೂಡದು.

ಆದರೂ ನಮ್ಮಲ್ಲಿ ಕುಡಿತ ಬಿಡುವುದೆಂದರೆ ಇಂದಿಗೂ ಆಣೆ. ಮಂಜುನಾಥನ ಮೇಲೆ ಆಣೆ, ಮಗಳ ತಲೆ ಮುಟ್ಟಿ ಆಣೆ. ಆ ಸಂಕಲ್ಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅದನ್ನು ಹಿಡಿದೇ ಮನೆ ಉಳಿಸಿಕೊಂಡವರು ಸಾವಿರಾರು ಮಂದಿ. ತಪ್ಪಾಗುವುದು ಎಲ್ಲಿ ಎಂದರೆ, ಮೊದಲ ನಾಲ್ಕೈದು ದಿನಗಳ ನರಳಾಟವನ್ನೂ ಸಂಕಲ್ಪದ ಪರೀಕ್ಷೆಯೆಂದು ಎಣಿಸುವಲ್ಲಿ. 'ಅನುಭವಿಸಲಿ ಬಿಡಿ, ಬುದ್ಧಿ ಬರುತ್ತೆ' ಎನ್ನುತ್ತಾರೆ. ಫಿಟ್ಸ್ ಬಂದವನಿಗೆ ಬುದ್ಧಿ ಬರುವುದಿಲ್ಲ. ಆ ದಿನಗಳಿಗೆ ಕ್ಲೋರ್‌ಡಯಾಜೆಪಾಕ್ಸೈಡ್‌ನಂಥ ಮಾತ್ರೆ ಇದೆ. ವೈದ್ಯರು ನಡುಕ, ನಾಡಿ ನೋಡುತ್ತ ದಿನದಿಂದ ದಿನಕ್ಕೆ ಅದನ್ನು ಇಳಿಸುತ್ತಾರೆ. ಮಿದುಳಿಗೆ ಶಾಶ್ವತ ಪೆಟ್ಟಾಗದಿರಲೆಂದು ಥಯಾಮಿನ್ ಇಂಜೆಕ್ಷನ್ ಕೊಡುತ್ತಾರೆ. ಅಂಗಡಿಯಿಂದ ತಾವೇ ತಂದು ನುಂಗುವ ಮಾತ್ರೆ ಅದಲ್ಲ. ಮದ್ಯದೊಂದಿಗೆ ಸೇರಿದರೆ ಉಸಿರೇ ನಿಲ್ಲಬಹುದು.

ಸ್ಯಾನ್ ಫ್ರಾನ್ಸಿಸ್ಕೋ ಅಳೆದು ಕುಡಿಸತೊಡಗಿದ ಹೊತ್ತಿನಲ್ಲೇ ಕೇರಳವೂ ಇದೇ ಇಕ್ಕಟ್ಟಿಗೆ ಸಿಕ್ಕಿತು. ಲಾಕ್‌ಡೌನ್‌ನಲ್ಲಿ ಮದ್ಯದಂಗಡಿ ಮುಚ್ಚಿ, ಆತ್ಮಹತ್ಯೆಗಳ ಸುದ್ದಿ ಬಂದಾಗ, ವೈದ್ಯರ ಚೀಟಿ ಇದ್ದವರಿಗೆ ಮದ್ಯ ಕೊಡಲು ಸರ್ಕಾರ ಆದೇಶಿಸಿತು. ಮದ್ಯ ಔಷಧವಲ್ಲ, ಚೀಟಿ ಬರೆಯುವುದಿಲ್ಲ ಎಂದು ವೈದ್ಯರ ಸಂಘಟನೆಗಳು ವಿರೋಧಿಸಿದವು. 2020ರ ಏಪ್ರಿಲ್ 2ರಂದು ಹೈಕೋರ್ಟ್ ತಡೆ ಕೊಟ್ಟಿತು. ವೈದ್ಯಶಾಸ್ತ್ರದ ಮಟ್ಟಿಗೆ ವೈದ್ಯರದೇ ಸರಿ. ಆದರೆ ಆ ವಾರಗಳಲ್ಲಿ ಮಂಜೇಶ್ವರ, ಕುಂಬಳೆಯ ಜನ ಆಸ್ಪತ್ರೆಗೆಂದು ನಂಬಿದ್ದ ಮಂಗಳೂರಿನ ದಾರಿ ತಲಪಾಡಿಯಲ್ಲಿ ಮುಚ್ಚಿತ್ತು. ಸರಿಯಾದ ಔಷಧ ಇದೆ ಎಂದರೆ ಸಾಲದು, ಅದು ಕುಡಿತ ನಿಂತವನ ಕೈಗೆ ಬರಬೇಕು. ಗಡಿಯ ಈಚೆಯ ಕರ್ನಾಟಕದಲ್ಲೂ ಅಂಗಡಿಗಳು ಮೇ 4ರವರೆಗೆ ಮುಚ್ಚಿದ್ದವು. ವರ್ಷವಿಡೀ ಮದ್ಯದ ಸುಂಕದಿಂದ ಬೊಕ್ಕಸ ತುಂಬಿಸಿಕೊಂಡ ಸರ್ಕಾರ ಒಂದೇ ರಾತ್ರಿಯಲ್ಲಿ ಅಂಗಡಿಗೆ ಬೀಗ ಹಾಕಿದಾಗ, ನಡುಗುವ ಕೈಗಳ ಹೊಣೆಯೂ ಅದರದೇ ಆಗಿತ್ತು.

ಮನೆಗೂ ಇದೇ ನ್ಯಾಯ. ಊರಲ್ಲಿ ದಿನಕ್ಕೆ ಎರಡು ಕ್ವಾರ್ಟರ್ ಕುಡಿಯುವ ತಂದೆ ಅಮೆರಿಕದ ಸನ್ನಿವೇಲ್‌ನಲ್ಲಿರುವ ಮಗನ ಮನೆಗೆ ಬರುತ್ತಾರೆ ಎಂದುಕೊಳ್ಳಿ. ಸೊಸೆ, ಮೊಮ್ಮಕ್ಕಳೆದುರು ಕೇಳಲು ಸಂಕೋಚ. ಬಾಟಲಿ ಕಣ್ಣಿಗೆ ಬೀಳದಂತೆ ಮಗನೂ ಎಚ್ಚರ ವಹಿಸಿದ್ದಾನೆ. ಮೂರನೆಯ ರಾತ್ರಿ ಅವರು ಎದ್ದು ಕೂತು ಸತ್ತುಹೋದ ಅಣ್ಣನೊಡನೆ ಮಾತಾಡತೊಡಗುತ್ತಾರೆ. ಜೆಟ್ ಲ್ಯಾಗ್ ಇರಬೇಕು ಎಂದು ಮನೆಯವರು ಸಮಾಧಾನ ಮಾಡಿಕೊಳ್ಳುತ್ತಾರೆ. ಕೊನೆಗೆ ಆಸ್ಪತ್ರೆಗೆ ಕರೆದೊಯ್ದಾಗ ಎಮರ್ಜೆನ್ಸಿಯ ವೈದ್ಯೆ ಕೇಳುತ್ತಾರೆ: ಕೊನೆಯ ಸಲ ಕುಡಿದದ್ದು ಯಾವಾಗ? ಮಗ ಹೇಳುತ್ತಾನೆ: 'ಹಾಗೇನಿಲ್ಲ, ಯಾವಾಗಲಾದರೂ ಹಬ್ಬಕ್ಕೆ ಹುಣ್ಣಿಮೆಗೆ.' ಮರ್ಯಾದೆ ಉಳಿಸಲು ಆಡಿದ ಆ ಒಂದು ಮಾತಿನಿಂದ ಸರಿಯಾದ ಚಿಕಿತ್ಸೆ ಗಂಟೆಗಟ್ಟಲೆ ತಡವಾಗಬಹುದು. ಆತನಿಗೆ ತಂದೆಯ ಮೇಲೆ ಪ್ರೀತಿ ಇಲ್ಲವೆಂದಲ್ಲ. ಆದರೆ ಕುಡಿತಕ್ಕೆ ಬಾಗಿಲು ಹಾಕಿದವನು ಆತನೇ. ನಿಜ ಹೇಳುವ ಹೊಣೆಯೂ ಆತನದೇ.

ಸ್ಯಾನ್ ಫ್ರಾನ್ಸಿಸ್ಕೋದ ಹೋಟೆಲ್ ಕೋಣೆಯಲ್ಲಿದ್ದವರು ಕುಡಿತ ಬಿಡಲು ಒಪ್ಪಿ ಒಳಗೆ ಹೋದವರಲ್ಲ. ಊರಿನ ಆರೋಗ್ಯಕ್ಕಾಗಿ ಅವರನ್ನು ಒಳಗಿಟ್ಟದ್ದು. ಹಾಗಿರುವಾಗ ಅಳತೆಯ ಮದ್ಯ ಕೊಟ್ಟದ್ದು ಔದಾರ್ಯವೂ ಅಲ್ಲ, ಶರಣಾಗತಿಯೂ ಅಲ್ಲ. ಒಳಗಿಟ್ಟವರು ತೀರಿಸಲೇಬೇಕಾದ ಋಣ.

ಬಾಗಿಲು ತೆರೆದ ಮೇಲೆ ಈ ವಾದ ಅಷ್ಟು ಗಟ್ಟಿಯಾಗಿ ನಿಲ್ಲುವುದಿಲ್ಲ, ನೇಥನ್ ಅವರ ಮಾತಿಗೆ ಅಲ್ಲಿ ತೂಕವಿದೆ. ನನ್ನ ಉತ್ತರ ಇಷ್ಟು: ಪದೇ ಪದೇ ಬಿಟ್ಟು ಹಿಡಿದವರಲ್ಲಿ ಪ್ರತಿ ಸಲದ ಬಿಡುವಿಕೆ ಹಿಂದಿನದಕ್ಕಿಂತ ಉಗ್ರವಾಗುವುದುಂಟು. ಅಂಥವರಲ್ಲಿ ಕೆಲವರಿಗೆ ಬೀದಿಯ ಕುಡಿತಕ್ಕಿಂತ ನರ್ಸ್ ಕೈಯ ಅಳತೆ ಕಡಿಮೆ ಅಪಾಯ. ಆದರೆ ಅದೇ ಕಟ್ಟಡದಲ್ಲಿ ಹೊರಬರುವ ದಾರಿಯೂ ಇರಬೇಕು. 'ಬಿಡುತ್ತೇನೆ' ಎಂದು ಆತ ಹೇಳಿದ ದಿನವೇ ಡಿಟಾಕ್ಸ್ ಹಾಸಿಗೆ, ವೈದ್ಯರು, ಆಮೇಲಿನ ತಿಂಗಳುಗಳಿಗೆ ತಂಗುವ ಜಾಗ ಸಿಗಬೇಕು. ಪಟ್ಟಿಯಲ್ಲಿ ಹೆಸರು ಬರೆಸಿ ಮುಂದಿನ ತಿಂಗಳು ಬಾ ಎಂದು ಕಳಿಸುವ ನಗರ ಆತನಿಗೆ ವೋಡ್ಕಾ ಅಳೆದು ಕೊಡುವುದನ್ನು ನಾನು ಸಮರ್ಥಿಸಲಾರೆ.