ಜೀರ್ಣೋದ್ಧಾರವೂ ಮೂಲತ್ವವೂ

ವಸ್ತುವಿನ ಬೆಲೆ ಅದರ ಉಪಯೋಗವನ್ನು ಅನುಸರಿಸುವುದೆಂಬುದು ಲೋಕರೂಢಿಯ ಮಾತು. ಸೇದುವ ಹಗ್ಗ ಸವೆದರೆ ಅದಕ್ಕೆ ಬೆಲೆಯಿಲ್ಲ. ಉಳುವ ಎತ್ತು ಮುದಿಯಾದರೆ ಸಂತೆಯಲ್ಲಿ ಅದನ್ನು ಕೇಳುವವರಿಲ್ಲ. ಈ ನಿಯಮವನ್ನು ತಲೆಕೆಳಗು ಮಾಡಿರುವ ಪದಾರ್ಥಗಳಲ್ಲಿ ಹಳೆಯ ಪಂದ್ಯದ ಮೋಟಾರು ಕಾರು ಒಂದು. 1962ರಲ್ಲಿ ಇಟಲಿಯ ಫೆರಾರಿ ಕಾರ್ಖಾನೆಯಲ್ಲಿ ಸಿದ್ಧವಾದ 250 ಜಿ.ಟಿ.ಒ. ಜಾತಿಯ ಕಾರೊಂದು 2023ರ ನವೆಂಬರಿನಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 5 ಕೋಟಿ 17 ಲಕ್ಷ ಡಾಲರಿಗೆ ಹೋಯಿತು. ಇಬ್ಬರು ಮಾತ್ರ ಕುಳಿತುಕೊಳ್ಳಬಹುದಾದ, ಒಂದು ಟನ್ನಿಗೂ ಕಡಮೆ ತೂಕದ, ಸದ್ದೂ ಸೆಕೆಯೂ ತುಂಬಿದ ಗಾಡಿ ಅದು. ಪ್ರಯಾಣದ ಸೌಖ್ಯಕ್ಕಾದರೆ ಇಂದಿನ ಸಾಧಾರಣ ಕಾರೇ ಮೇಲು. ಹಾಗಾದರೆ ಅಷ್ಟು ಹಣ ಕೊಟ್ಟವನು ಕೊಂಡದ್ದು ಏನನ್ನು?

ರೂಪವನ್ನು ಕೊಂಡನೆಂದರೆ ಸಲ್ಲದು. ಆ ಜಾತಿಯ ಕಾರುಗಳು 1962ರಿಂದ 1964ರವರೆಗೆ 36 ಮಾತ್ರ ತಯಾರಾದುವೆಂದು ಗಣನೆಯುಂಟು. ಆದರೆ ಅವುಗಳ ಆಕಾರವನ್ನು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಅನುಕರಿಸಬಲ್ಲ ಕುಶಲರು ಇದ್ದಾರೆ. ಅಂತಹ ಅನುಕೃತಿಗೆ ಮೂಲದ ಬೆಲೆಯಲ್ಲಿ ಒಂದು ಅಲ್ಪಾಂಶವೂ ಹುಟ್ಟುವುದಿಲ್ಲ. ವೇಗವನ್ನು ಕೊಂಡನೆಂಬುದೂ ಅಷ್ಟೇ ನಿಸ್ಸಾರ. ಕೊಂಡವನು ಕೊಂಡದ್ದು ‘ಅದೇ ಇದು’ ಎಂಬ ಒಂದು ವಾಕ್ಯವನ್ನು. ಅಂದು ಆ ಪಂದ್ಯದಲ್ಲಿ ಓಡಿದ ಕಾರೇ ಇಂದು ಕಣ್ಣೆದುರು ನಿಂತಿರುವ ಕಾರು ಎಂಬ ಪ್ರತ್ಯಭಿಜ್ಞೆಗೆ ಅವನು ಹಣ ತೆತ್ತನು. ಆದಕಾರಣ ಆ ವಾಕ್ಯ ಯಾವಾಗ ಸತ್ಯ, ಯಾವಾಗ ಅಸತ್ಯ ಎಂಬುದು ತರ್ಕಶಾಲೆಯ ಪ್ರಶ್ನೆಯಷ್ಟೇ ಆಗಿ ಉಳಿಯದೆ ಪ್ರಾಮಾಣಿಕತೆಯ ಪ್ರಶ್ನೆಯೂ ಆಗಿದೆ.

ತರ್ಕಶಾಲೆಗೆ ಈ ವಿಚಾರ ಹೊಸದಲ್ಲ. ‘ಮಿಲಿಂದ ಪಞ್ಹ’ವೆಂಬ ಪಾಳಿ ಗ್ರಂಥದಲ್ಲಿ ನಾಗಸೇನ ಭಿಕ್ಷುವು ಯವನ ದೊರೆಗೆ, ಅಚ್ಚು ರಥವೇ, ಗಾಲಿ ರಥವೇ, ನೊಗ ರಥವೇ ಎಂದು ಒಂದೊಂದನ್ನೇ ಹಿಡಿದು ಕೇಳಿ, ಕೊನೆಗೆ ರಥವೆಂಬುದು ವ್ಯವಹಾರಕ್ಕಾಗಿ ಇಟ್ಟ ಹೆಸರೇ ಹೊರತು ಬೇರೆ ಪದಾರ್ಥವಲ್ಲವೆಂದು ಒಪ್ಪಿಸುತ್ತಾನೆ. ನೈಯಾಯಿಕರು ಇದನ್ನು ಒಪ್ಪರು. ಅವರ ಮತದಲ್ಲಿ ಅವಯವಗಳಿಗಿಂತ ಭಿನ್ನವಾದ ಅವಯವಿಯೊಂದುಂಟು. ಅದು ಅವಯವಗಳಲ್ಲಿ ಸಮವಾಯ ಸಂಬಂಧದಿಂದ ಇರುತ್ತದೆ. ಆದರೆ ಇಷ್ಟು ಔದಾರ್ಯ ತೋರಿದ ನೈಯಾಯಿಕನು ಮರುಕ್ಷಣದಲ್ಲೇ ಮಹಾ ಜಿಪುಣನಾಗುತ್ತಾನೆ. ವಸ್ತ್ರದಿಂದ ಒಂದೆರಡು ನೂಲು ಕಳಚಿದರೂ ಹಿಂದಿನ ವಸ್ತ್ರ ನಾಶವಾಯಿತು, ಈಗಿರುವುದು ಖಂಡಪಟವೆಂಬ ಬೇರೆ ವಸ್ತ್ರ ಎನ್ನುತ್ತಾನೆ. ‘ಅದೇ ಪಂಚೆ’ ಎಂದು ಜನ ಗುರುತಿಸುವುದು ಸಾದೃಶ್ಯದ ಬಲದಿಂದ. ಸಂಜೆ ಹಚ್ಚಿದ ದೀಪದ ಜ್ವಾಲೆ ಕ್ಷಣಕ್ಷಣಕ್ಕೂ ಬೇರೆಯಾದರೂ ‘ಅದೇ ಜ್ವಾಲೆ’ ಎನ್ನುವಂತೆ. ಈ ಮತವನ್ನು ಹರಾಜುಕಟ್ಟೆಗೆ ತಂದರೆ, ಒಂದು ತಿರುಪನ್ನು ಬದಲಿಸಿದ ದಿನವೇ ಆ ಫೆರಾರಿ ಇಲ್ಲವಾಯಿತೆಂದು ಸಾರಬೇಕಾಗುತ್ತದೆ. ನಾಗಸೇನನ ಮತವನ್ನು ತಂದರೆ, ಅದು ಎಂದೂ ಇರಲೇ ಇಲ್ಲ. ಎರಡರಲ್ಲಿ ಯಾವುದನ್ನು ಹಿಡಿದರೂ ದಲ್ಲಾಳಿಗೆ ಉಪವಾಸ.

ಗ್ರೀಕರಲ್ಲಿಯೂ ಇದೇ ಚರ್ಚೆ ನಡೆದಿತ್ತು. ಥೀಸಿಯಸ್ಸನ ಹಡಗನ್ನು ಅಥೆನ್ಸಿನವರು ಕೊಳೆತ ಹಲಗೆ ತೆಗೆದು ಹೊಸ ಹಲಗೆ ಹಾಕುತ್ತ ಬಹುಕಾಲ ಉಳಿಸಿಕೊಂಡರೆಂದೂ, ಅದು ಅದೇ ಹಡಗೋ ಅಲ್ಲವೋ ಎಂದು ತಾರ್ಕಿಕರು ವಾದಿಸಿದರೆಂದೂ ಪ್ಲುಟಾರ್ಕನು ಬರೆದಿದ್ದಾನೆ. ಹದಿನೇಳನೆಯ ಶತಮಾನದ ಇಂಗ್ಲಿಷ್ ತತ್ತ್ವಜ್ಞ ಹಾಬ್ಸನು ಇದಕ್ಕೆ ಇನ್ನೊಂದು ತೊಡಕನ್ನು ಸೇರಿಸಿದನು. ತೆಗೆದೆಸೆದ ಹಳೆಯ ಹಲಗೆಗಳನ್ನೆಲ್ಲ ಒಬ್ಬನು ಕೂಡಿಟ್ಟು ಮತ್ತೊಂದು ಹಡಗು ಕಟ್ಟಿದರೆ, ಎರಡರಲ್ಲಿ ಯಾವುದು ಥೀಸಿಯಸ್ಸನದು? ಅವನಿಗೆ ಅದು ಊಹೆಯಾಗಿತ್ತು. ಕಾರುಗಳ ಲೋಕದಲ್ಲಿ ಅದು ನಿಜವೇ ಆಗಿಬಿಟ್ಟಿದೆ. ಅಪಘಾತಕ್ಕೀಡಾದ ಗಾಡಿಯ ಚೌಕಟ್ಟು ಒಬ್ಬನ ಕೈಗೆ, ಯಂತ್ರ ಇನ್ನೊಬ್ಬನ ಕೈಗೆ ಸೇರಿ, ಇಬ್ಬರೂ ಉಳಿದುದನ್ನು ಹೊಸದಾಗಿ ಮಾಡಿಸಿಕೊಂಡು, ಒಂದೇ ಷಾಸಿ ಸಂಖ್ಯೆಯನ್ನು ಮುಂದಿಟ್ಟು ನಿಲ್ಲುವುದುಂಟು.

ಈ ವಿಷಯದಲ್ಲಿ ನ್ಯಾಯಾಸ್ಥಾನವೊಂದು ನೀಡಿದ ತೀರ್ಪು ಗಮನಾರ್ಹವಾದುದು. ಬೆಂಟ್ಲಿ ಕಾರ್ಖಾನೆಯ ‘ಓಲ್ಡ್ ನಂಬರ್ ಒನ್’ ಎಂಬ ಕಾರು ಫ್ರಾನ್ಸಿನ ಲ ಮಾನ್ 24 ಗಂಟೆಗಳ ಪಂದ್ಯದಲ್ಲಿ 1929ರಲ್ಲಿಯೂ 1930ರಲ್ಲಿಯೂ ಗೆದ್ದಿತು. ಅನಂತರ ಅದಕ್ಕೆ 8 ಲೀಟರಿನ ದೊಡ್ಡ ಯಂತ್ರವನ್ನು ಅಳವಡಿಸಿದರು. 1932ರಲ್ಲಿ ಬ್ರೂಕ್‌ಲೆಂಡ್ಸ್ ಪಂದ್ಯದ ಹಾದಿಯಲ್ಲಿ ಅದು ಅಂಚನ್ನು ದಾಟಿ ಬಿದ್ದು ಅದನ್ನು ನಡೆಸುತ್ತಿದ್ದವನು ಮೃತನಾದನು. ಬಳಿಕ ಅದೇ ಗಾಡಿಯನ್ನು ಮತ್ತೆ ಕಟ್ಟಿದರು. ಸುಮಾರು ಆರು ದಶಕಗಳ ತರುವಾಯ ಅದನ್ನು 1 ಕೋಟಿ ಪೌಂಡಿಗೆ ಕೊಳ್ಳಲು ಒಪ್ಪಿದವರು, ಇದು ಆ ಮೂಲ ಕಾರೇ ಅಲ್ಲವೆಂದು ಹಿಂದೆಗೆದರು. 1990ರಲ್ಲಿ ಲಂಡನ್ನಿನಲ್ಲಿ ವಿಚಾರಣೆ ನಡೆಯಿತು. ಒಂದೊಂದು ಅವಯವವನ್ನೂ ಪರೀಕ್ಷಿಸಿ ನೋಡಿದಾಗ 1929ರ ಗೆಲುವಿನ ಗಾಡಿಯಿಂದ ಉಳಿದು ಬಂದಿರಬಹುದಾದ ಭಾಗಗಳು ಬೆರಳೆಣಿಕೆಯಷ್ಟೇ ಎಂದು ತಿಳಿಯಿತು. ಆದರೂ ನ್ಯಾಯಮೂರ್ತಿ ಆಟನ್ ಅವರು ತೀರ್ಪನ್ನು ಮಾರುವವನ ಪರವಾಗಿ ಕೊಟ್ಟರು. ಅದನ್ನು ಅಕ್ಷರಶಃ ‘ಮೂಲ’ವೆನ್ನಲಾಗದು, ಆದರೆ ಬದಲಾವಣೆಗಳು ಒಂದರ ಬಳಿಕ ಒಂದಾಗಿ, ಹಿಂದಿನದರೊಳಗೆ ಬೆರೆಯುತ್ತ ನಡೆದುದರಿಂದ ಗಾಡಿಯ ವ್ಯಕ್ತಿತ್ವ ಎಲ್ಲಿಯೂ ತುಂಡಾಗಲಿಲ್ಲ, ಆದಕಾರಣ ಆ ಹೆಸರಿಗೆ ಅದು ಅರ್ಹವಾದ ನಿಜವಾದ ಕಾರೇ ಎಂಬುದು ಅವರ ನಿರ್ಣಯದ ತಾತ್ಪರ್ಯ.

ಈ ತೀರ್ಪು ನೈಯಾಯಿಕನಿಗೆ ಹಿಡಿಸದು. ಆದರೂ ಅದರಲ್ಲಿ ಒಂದು ವಿವೇಕವಿದೆ. ತಾದಾತ್ಮ್ಯವೇ ಬೇರೆ, ಮೂಲತ್ವವೇ ಬೇರೆ ಎಂಬುದನ್ನು ಅದು ಬಿಡಿಸಿ ತೋರಿಸಿತು. ಇದಕ್ಕೆ ದೂರದ ದೃಷ್ಟಾಂತ ಬೇಕಿಲ್ಲ. ತುಮಕೂರಿನಿಂದ ಶಿರಾ ಕಡೆಗೆ ಹೋಗುವ ಹೆದ್ದಾರಿಯ ಸಮೀಪದ ವಸಂತನರಸಾಪುರವನ್ನೇ ನೋಡಬಹುದು. ಹೊಲ ಬಯಲುಗಳಿದ್ದ ನೆಲದಲ್ಲಿ ಈಗ ವಿಶಾಲವಾದ ಕೈಗಾರಿಕಾ ಪ್ರದೇಶ. 2014ರ ಸೆಪ್ಟೆಂಬರಿನಲ್ಲಿ ಅಲ್ಲಿಯ ಆಹಾರ ಸಂಸ್ಕರಣೆಯ ಉದ್ಯಾನ ಉದ್ಘಾಟನೆಯಾಯಿತು. ಯಂತ್ರಗಳನ್ನು ಮಾಡುವ ಯಂತ್ರಗಳಿಗಾಗಿಯೇ ಒಂದು ಪ್ರತ್ಯೇಕ ವಲಯ ಏರ್ಪಟ್ಟಿತು. ಅಜ್ಜನ ಕಾಲದ ಕಾಗದಪತ್ರದಲ್ಲಿ ಬರೆದ ವಸಂತನರಸಾಪುರವೂ ಇಂದು ಲಾರಿಯ ಚಾಲಕನು ಕೇಳಿಕೊಂಡು ಬರುವ ವಸಂತನರಸಾಪುರವೂ ಒಂದೇ ಊರೆಂಬುದರಲ್ಲಿ ಸಂದೇಹವಿಲ್ಲ. ಆದರೆ ಊರು ಮೂಲ ಸ್ಥಿತಿಯಲ್ಲಿದೆಯೆಂದು ಯಾರಾದರೂ ಹೇಳಿದರೆ ಅದು ಸುಳ್ಳು. ‘ಅದೇ’ ಎಂಬುದು ಅವಿಚ್ಛಿನ್ನವಾದ ಚರಿತ್ರೆಗೆ ಸಲ್ಲುವ ಮಾತು. ‘ಮೂಲ’ವೆಂಬುದು ದ್ರವ್ಯಕ್ಕೆ ಸಲ್ಲುವ ಮಾತು. ಒಂದರ ಹೆಸರಿನಲ್ಲಿ ಇನ್ನೊಂದರ ಬೆಲೆ ಕೇಳುವಲ್ಲಿಯೇ ವಂಚನೆ ಹುಟ್ಟುವುದು.

ಮಾರಾಟವಿಲ್ಲದ ಕಡೆ ಈ ಪ್ರಶ್ನೆ ಯಾರನ್ನೂ ಕಾಡುವುದಿಲ್ಲವೆಂಬುದು ಗಮನಿಸತಕ್ಕ ಸಂಗತಿ. ಪುರಿಯಲ್ಲಿ ಜಗನ್ನಾಥನ ರಥವನ್ನು ಪ್ರತಿವರ್ಷವೂ ಹೊಸ ಮರದಿಂದ ಕಟ್ಟುತ್ತಾರೆ; ಅದರ ಹೆಸರು ಮಾತ್ರ ಎಂದೆಂದಿಗೂ ನಂದಿಘೋಷವೇ. ಗುಬ್ಬಿಯ ಚನ್ನಬಸವೇಶ್ವರ ಸ್ವಾಮಿಯ ತೇರಿನ ಗಾಲಿಯನ್ನು ಬದಲಿಸಿದರೆ ಮಿಣಿ ಹಿಡಿದ ಭಕ್ತನು ‘ಇದು ಮೂಲ ಗಾಲಿಯೇ?’ ಎಂದು ಕೇಳಿಯಾನೇ? ಗಾಲಿ ಗಟ್ಟಿಯಾಗಿದೆಯೇ ಎಂದು ಕೇಳುವನು. ಸೇವೆಯಲ್ಲಿರುವ ವಸ್ತುವಿಗೆ ಸೇವೆಯೇ ಪ್ರಮಾಣ. ಸೇವೆ ಮುಗಿದು ಪ್ರದರ್ಶನಕ್ಕೂ ಕ್ರಯಕ್ಕೂ ಬಂದಾಗಲೇ ದ್ರವ್ಯದ ವಿಚಾರಣೆ ಆರಂಭವಾಗುತ್ತದೆ.

ಕ್ರಯವಿಕ್ರಯದ ಧರ್ಮವನ್ನು ಹೇಳುವ ನಾರದಸ್ಮೃತಿಯಲ್ಲಿ ಇದಕ್ಕೆ ಹತ್ತಿರದ ವಿಧಿಗಳಿವೆ. ದೋಷವಿಲ್ಲದುದನ್ನು ತೋರಿಸಿ ದೋಷವುಳ್ಳದ್ದನ್ನು ಕೊಟ್ಟವನು ಬೆಲೆಯ ಇಮ್ಮಡಿಯನ್ನು ಕೊಂಡವನಿಗೂ, ಅಷ್ಟನ್ನೇ ದಂಡವಾಗಿಯೂ ತೆರಬೇಕು. ಕೊಳ್ಳುವವನಿಗೂ ಪರೀಕ್ಷೆಯ ಅವಧಿ ಉಂಟು: ಕರೆಯುವ ಪಶುವಿಗೆ 3 ದಿನ, ಹೊರುವ ಪಶುವಿಗೆ 5 ದಿನ, ಮುತ್ತು ವಜ್ರ ಹವಳಗಳಿಗೆ 7 ದಿನ. ಹಳೆಯ ಪಂದ್ಯದ ಕಾರು ಯಾವ ವರ್ಗಕ್ಕೆ ಸೇರುತ್ತದೆ? ಹೊರುವುದಕ್ಕೆಂದು ಹುಟ್ಟಿದರೂ ಈಗ ಅದು ರತ್ನದಂತೆ ಬಿಕರಿಯಾಗುತ್ತಿದೆ. ಆದರೆ ರತ್ನವನ್ನು ಯಾರೂ ಬಿಚ್ಚಿ ಜೋಡಿಸಿರುವುದಿಲ್ಲ. ಕಾರನ್ನು ನೂರು ಸಲ ಬಿಚ್ಚಿ ಜೋಡಿಸಿರುತ್ತಾರೆ. ಆದಕಾರಣ ಇದರ ಪರೀಕ್ಷಕನಿಗೆ ರತ್ನಪರೀಕ್ಷಕನ ಕಣ್ಣಿನೊಡನೆ ಕರಣಿಕನ ತಾಳ್ಮೆಯೂ ಬೇಕು. ಷಾಸಿಯ ಮೇಲೆ ಕೊರೆದ ಅಂಕಿಗಳ ಅಕ್ಷರರೂಪ ಆ ಕಾಲದ್ದೇ, ಸುತ್ತಲಿನ ಲೋಹವನ್ನು ಉಜ್ಜಿ ಹೊಸ ಅಂಕಿ ಹೊಡೆದ ಗುರುತುಂಟೇ, ಬಣ್ಣದ ಕೆಳಗೆ ತುಂಬಿದ ಮೆತ್ತೆಗೆ ಅಯಸ್ಕಾಂತ ಹಿಡಿಯುವುದೇ, ಬೆಸುಗೆಯ ಗೆರೆ ಕೈಯದೋ ಯಂತ್ರದ್ದೋ, ಕಾರ್ಖಾನೆಯ ದಫ್ತರದಲ್ಲಿ ಬರೆದಿರುವ ಯಂತ್ರದ ಸಂಖ್ಯೆಯೇ ಇಲ್ಲಿಯೂ ಇದೆಯೇ—ಇವನ್ನೆಲ್ಲ ನೋಡಬೇಕು. ಹಳೆಯ ರಸೀದಿಯೊಂದು ಹೊಳೆಯುವ ಹೊಸ ಬಣ್ಣಕ್ಕಿಂತ ಹೆಚ್ಚಿನ ಬೆಲೆಯದಾಗುವುದುಂಟು. ಕುಣಿಗಲ್ಲಿನ ಅಶ್ವಶಾಲೆಯಂತಹ ಕಡೆಗಳಲ್ಲಿ ಮರಿಗುದುರೆಗೆ ಬೆಲೆ ಕಟ್ಟುವವರು ಅದರ ಕಾಲನ್ನು ನೋಡುವ ಮೊದಲು ವಂಶಾವಳಿಯನ್ನು ನೋಡುವುದಿಲ್ಲವೇ?

ಮೇಲೆ ಹೇಳಿದ ಫೆರಾರಿಯ ಕಥೆಯಲ್ಲಿಯೇ ಒಂದು ಪಾಠ ಅಡಗಿದೆ. ಅದಕ್ಕೆ ಮೊದಲು ಇದ್ದದ್ದು 4 ಲೀಟರಿನ ಯಂತ್ರ. ಬಳಿಕ ಕಾರ್ಖಾನೆಯವರೇ ಅದನ್ನು ತೆಗೆದು 3 ಲೀಟರಿನದನ್ನು ಇಟ್ಟರು. ಯಂತ್ರ ಬದಲಾಯಿತೆಂದು ಬೆಲೆ ಕುಸಿಯಲಿಲ್ಲ. ಏಕೆಂದರೆ ಬದಲಾವಣೆ ಬಹಿರಂಗವಾಗಿತ್ತು, ದಾಖಲೆಯಲ್ಲಿತ್ತು, ಗಾಡಿಯ ಬಾಳಿನೊಳಗೆ ನಡೆದದ್ದಾಗಿತ್ತು.

ಇನ್ನು ಈ ನಾಡಿನ ಗಾಡಿಗಳ ಮಾತು. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿಯೂ ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಕಾರು ಸಂಗ್ರಹಾಲಯದಲ್ಲಿಯೂ ಹಳೆಯ ಕಾರುಗಳನ್ನು ಜೋಪಾನ ಮಾಡಿಟ್ಟಿರುವುದನ್ನು ನೋಡಿದವರು ಹಲವರು. ಅಂತಹ ಆಶ್ರಯ ಸಿಕ್ಕದ ಗಾಡಿಗಳ ಪಾಡು ಬೇರೆ. ಸ್ವಾತಂತ್ರ್ಯಾನಂತರದ ಹಲವು ದಶಕಗಳ ಕಾಲ ಆಮದಿನ ನಿರ್ಬಂಧದಿಂದ ಹೊರದೇಶದ ಬಿಡಿಭಾಗ ದೊರೆಯುವುದೇ ದುರ್ಲಭವಾಗಿತ್ತು. ಪೆಟ್ರೋಲಿನ ಖರ್ಚು ತಾಳಲಾರದೆ ದೊಡ್ಡ ದೊಡ್ಡ ಕಾರುಗಳ ಯಂತ್ರ ಕಿತ್ತು ಡೀಸೆಲ್ ಯಂತ್ರ ಕೂರಿಸಿದ್ದುಂಟು. ಒಡೆದ ಭಾಗವನ್ನು ಊರಿನ ಕಮ್ಮಾರನೂ ಲೇತ್ ಹಿಡಿದ ಮೇಸ್ತ್ರಿಯೂ ಸೇರಿ ಹೊಸದಾಗಿ ಮಾಡಿಕೊಟ್ಟರು. ಹೀಗೆ ಬದುಕಿದ ಗಾಡಿಯನ್ನು ಪಾಶ್ಚಾತ್ಯ ಪರೀಕ್ಷಕನ ತಕ್ಕಡಿಯಲ್ಲಿ ತೂಗಿದರೆ ಅದು ಹಗುರವೇ. ಮೂಲ ಯಂತ್ರವಿಲ್ಲ, ಮೂಲ ಬಣ್ಣವಿಲ್ಲ, ಮೂಲ ಗಾಜಿಲ್ಲ. ಆದರೆ ಆ ಮೇಸ್ತ್ರಿಯ ಕೈಗೆಲಸ ಗಾಡಿಗೆ ತಗುಲಿದ ಕಲಂಕವೆಂದು ಹೇಳುವುದು ನ್ಯಾಯವೇ? ಅವನಿಲ್ಲದಿದ್ದರೆ ಪರೀಕ್ಷಕನಿಗೆ ತೂಗುವುದಕ್ಕೆ ಗಾಡಿಯೇ ಇರುತ್ತಿರಲಿಲ್ಲ. ಬೆಂಟ್ಲಿಯನ್ನು ಮತ್ತೆ ಕಟ್ಟಿದವರ ಕೆಲಸ ಚರಿತ್ರೆಯೆನಿಸಿದರೆ ಇವನದೂ ಚರಿತ್ರೆಯೇ, ಬರೆದಿಟ್ಟವರಿಲ್ಲವೆಂಬುದಷ್ಟೇ ಕೊರತೆ.

2021ರ ಜುಲೈ ತಿಂಗಳಲ್ಲಿ ಕೇಂದ್ರ ಸರ್ಕಾರವು ಮೋಟಾರು ವಾಹನ ನಿಯಮಗಳನ್ನು ತಿದ್ದಿ ‘ವಿಂಟೇಜ್’ ವಾಹನಕ್ಕೆ ಒಂದು ಲಕ್ಷಣವನ್ನು ಬರೆಯಿತು: ಮೊದಲ ನೋಂದಣಿಯಿಂದ 50 ವರ್ಷ ಮೀರಿರಬೇಕು, ಮೂಲ ರೂಪದಲ್ಲಿರಬೇಕು, ಷಾಸಿ, ಮೈಕಟ್ಟು, ಯಂತ್ರ ಇವುಗಳಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ; ಅಂತಹ ಗಾಡಿಯನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಉದ್ದೇಶ ಒಳ್ಳೆಯದು. ಆದರೆ ‘ಗಣನೀಯ’ ಎಂಬ ಶಬ್ದ ಎಷ್ಟು ಭಾರವನ್ನು ಹೊತ್ತಿದೆ! ಶಬ್ದದ ವ್ಯಾಪ್ತಿಯನ್ನು ಬಿಗಿಯಾಗಿ ಹಿಡಿದರೆ, ಎಂದೂ ಓಡದೆ ಕೊಟ್ಟಿಗೆಯಲ್ಲಿ ಮಲಗಿದ್ದ ಗಾಡಿಗೆ ಮಾನ್ಯತೆ ದೊರೆತು, ಐವತ್ತು ವರ್ಷ ದುಡಿದು ಯಂತ್ರ ಬದಲಿಸಿಕೊಂಡ ಗಾಡಿ ಹೊರಗುಳಿಯುತ್ತದೆ. ಅಂಥ ಗಾಡಿಗಳಿಗೆ ಮೂಲರೂಪದ ಮಾನ್ಯತೆ ಬೇಡ; ‘ಇಂತಿಂಥ ಭಾಗ ಇಂತಿಂಥ ವರ್ಷ ಬದಲಾಯಿತು’ ಎಂಬ ಒಕ್ಕಣೆಯೊಡನೆ ಬೇರೊಂದು ವರ್ಗ ಇದ್ದಿದ್ದರೆ ಸತ್ಯಕ್ಕೂ ಗೌರವ, ಶ್ರಮಕ್ಕೂ ಗೌರವ ದೊರೆಯುತ್ತಿತ್ತು.

1982ರಲ್ಲಿ ಬೆಂಗಳೂರಿನ ಸಿಪಾನಿ ಕಾರ್ಖಾನೆಯಿಂದ ಹೊರಬಂದ ‘ಡಾಲ್ಫಿನ್’ ಎಂಬ ಪುಟ್ಟ ಕಾರನ್ನು ಇಲ್ಲಿ ನೆನೆಯಬೇಕು. ಇಂಗ್ಲೆಂಡಿನ ರಿಲಯಂಟ್ ಕಿಟನ್ನಿನ ಮಾದರಿಯ, ನಾರುಗಾಜಿನ ಮೈಯ ಆ ಹಗುರವಾದ ಗಾಡಿ ಬಜಾರಿನಲ್ಲಿ ಗೆಲ್ಲದಿದ್ದರೂ ರ್‍ಯಾಲಿಗಳಲ್ಲಿ ಹೆಸರು ಮಾಡಿತು. ಕನ್ನಡನಾಡು ಹೆತ್ತ ಪಂದ್ಯದ ಕಾರೆಂದು ಹೇಳಿಕೊಳ್ಳಲು ಅದಕ್ಕಿಂತ ಸಮೀಪದ್ದು ಹೆಚ್ಚಿಲ್ಲ. ಪಂದ್ಯದಲ್ಲಿ ಜಜ್ಜಿಹೋದ ನಾರುಗಾಜಿನ ಮೈಯನ್ನು ಮತ್ತೆ ಎರಕ ಹೊಯ್ಯದೆ ಆ ಗಾಡಿಯನ್ನು ಉಳಿಸುವ ಬಗೆ ಯಾವುದು?

ಇದೇ ಪ್ರಶ್ನೆ ಬಡವನ ಮಣಿಕಟ್ಟಿಗೂ ಇಳಿದು ಬಂದಿದೆ. ತುಮಕೂರಿನ ಎಚ್.ಎಂ.ಟಿ. ಗಡಿಯಾರ ಕಾರ್ಖಾನೆ 2016ರಲ್ಲಿ ಮುಚ್ಚಿತು. ಬಳಿಕ ಅದರ ನೆಲ ಇಸ್ರೋ ಸಂಸ್ಥೆಗೆ ಸೇರಿತು. ಮುಚ್ಚಿದ ಮೇಲೆ ‘ಜನತಾ’, ‘ಪೈಲಟ್’ ಗಡಿಯಾರಗಳಿಗೆ ಎಲ್ಲಿಲ್ಲದ ಬೇಡಿಕೆ ಬಂದಿತು; ಬೇಡಿಕೆಯ ಬೆನ್ನಿಗೆ ಹೊಸ ಮುಖಫಲಕ ಬರೆದು ಹಳೆಯದೆಂದು ಮಾರುವವರೂ ಬಂದರು. ಒಳಗಿನ ಯಂತ್ರ ನಿಜ, ಮುಖ ಸುಳ್ಳು. ಕಂತೆಕಂತೆ ಡಾಲರು ಕೊಟ್ಟವನು ಮೋಸಹೋದರೆ ಅವನ ವಕೀಲನಿದ್ದಾನೆ. ತಂದೆ ಕಟ್ಟುತ್ತಿದ್ದಂಥ ಗಡಿಯಾರವೇ ಬೇಕೆಂದು ಕೂಡಿಟ್ಟ ಹಣ ತೆತ್ತವನಿಗೆ ಯಾರಿದ್ದಾರೆ? ನಾರದನ ಇಮ್ಮಡಿ ದಂಡ ಅವನಿಗೂ ಸಲ್ಲಬೇಕಾದದ್ದು.

ಯಂತ್ರಗಳು ಈಗ ಎಷ್ಟು ನಿಪುಣವಾಗಿವೆಯೆಂದರೆ, ವಸಂತನರಸಾಪುರದಂತಹ ಕಡೆ ಗಣಕವು ನಡೆಸುವ ಲೇತಿಗೆ ನಕ್ಷೆ ಕೊಟ್ಟರೆ ಅರುವತ್ತು ವರ್ಷದ ಹಿಂದಿನ ಭಾಗ ಸಂಜೆಯೊಳಗೆ ಸಿದ್ಧವಾದೀತು. ಅಳತೆಯಲ್ಲಿ ಮೂಲಕ್ಕಿಂತಲೂ ಖಚಿತವಾಗಿರಬಹುದು. ಈ ಸೌಲಭ್ಯದಿಂದ ಜೀರ್ಣೋದ್ಧಾರಕರಲ್ಲಿ ಒಂದು ಅತಿ ಬೆಳೆದಿದೆ. ಕಾರ್ಖಾನೆಯಿಂದ ಹೊರಟ ದಿನವೂ ಇಲ್ಲದಿದ್ದ ಹೊಳಪನ್ನು ಅವರು ತರುತ್ತಾರೆ. ಚಾಲಕನ ಮೊಣಕೈ ತಾಗಿ ಸವೆದ ಚರ್ಮವನ್ನೂ ಪಂದ್ಯದ ಕಲ್ಲು ಸಿಡಿದು ಬಿದ್ದ ತಗ್ಗನ್ನೂ ಕೊಳೆಯೆಂದು ಬಗೆದು ಅಳಿಸಿಬಿಡುತ್ತಾರೆ. ಕೊಂಡವನು ‘ಅದೇ ಇದು’ ಎಂಬುದಕ್ಕೆ ಹಣ ಕೊಟ್ಟಿದ್ದನಷ್ಟೆ. ಆ ವಾಕ್ಯಕ್ಕೆ ಸಾಕ್ಷಿ ಹೇಳುತ್ತಿದ್ದದ್ದು ಆ ಸವೆತವೂ ಆ ತಗ್ಗುಗಳೂ. ಬದಲಿಸಿದ ಹಳೆಯ ಭಾಗಗಳನ್ನು ಗುಜರಿಗೆ ಎಸೆಯದೆ ಪೆಟ್ಟಿಗೆಯಲ್ಲಿಟ್ಟು ಗಾಡಿಯೊಡನೆಯೇ ಕೊಡುವ ಪದ್ಧತಿ ಕೆಲವು ಒಳ್ಳೆಯ ಕಮ್ಮಟಗಳಲ್ಲಿ ಉಂಟು. ಹಾಬ್ಸನ ಎರಡನೆಯ ಹಡಗನ್ನು ಕಟ್ಟಲು ಆಗ ಯಾರಿಗೂ ಹಲಗೆ ಸಿಕ್ಕುವುದಿಲ್ಲ. ಮುಂದಿನ ಪರೀಕ್ಷಕನು ತುಕ್ಕು ಹಿಡಿದ ಆ ಚೂರುಗಳನ್ನು ಕೈಯಲ್ಲಿ ಹಿಡಿದು ನೋಡಬಹುದು.