ಮಣ್ಣೆತ್ತು, ಪರದೆಯ ಮರಿ ಮತ್ತು ಪ್ರಾಣದ ಪ್ರಶ್ನೆ

ಜಡವಸ್ತುವಿನಲ್ಲಿ ಪ್ರಾಣವಿದೆಯೆಂದು ಭಾವಿಸಿ ಅದಕ್ಕೆ ಉಣಬಡಿಸುವಾಗ ಆ ಪ್ರಾಣ ನೆಲೆಸಿರುವುದು ವಸ್ತುವಿನಲ್ಲೋ, ಉಣಿಸುವವರ ನೇಮದಲ್ಲೋ ಎಂಬ ಹಳೆಯ ಪ್ರಶ್ನೆಯನ್ನು ಎಮ್ಯುಲೇಟರ್, ಅಂದರೆ ಹಳೆಯ ಯಂತ್ರದ ಚಿಪ್ಪಿನಂತೆಯೇ ನಡೆದುಕೊಂಡು ಅದರ ಪ್ರೋಗ್ರಾಮನ್ನು ಹೊಸ ಯಂತ್ರದಲ್ಲಿ ಓಡಿಸುವ ತಂತ್ರಾಂಶ, ಮತ್ತೆ ಮುಂದಿಟ್ಟಿದೆ. ಜಪಾನಿನ ಬಂಡೈ ಕಂಪನಿ 1996ರ ನವೆಂಬರಿನಲ್ಲಿ ಹೊರತಂದ ತಮಗೋಚಿ ಎಂಬ ಆಟಿಕೆಯಲ್ಲಿ ಇದ್ದದ್ದು ಮೂರು ಗುಂಡಿ, ಅಡ್ಡಕ್ಕೆ 32 ಮತ್ತು ಎತ್ತರಕ್ಕೆ 16 ಚುಕ್ಕಿಗಳ ಪರದೆ. ಅಲ್ಲಿ ಮೊಟ್ಟೆಯೊಡೆದು ಬರುವ ಮರಿಗೆ ಹೊತ್ತಿಗೆ ಸರಿಯಾಗಿ ಉಣಿಸದೆ, ಹೊಲಸು ಬಳಿಯದೆ, ಜಡ್ಡಾದಾಗ ಮದ್ದು ಹಾಕದೆ ಬಿಟ್ಟರೆ ಅದು ಸಾಯುತ್ತಿತ್ತು. ಜಪಾನಿನ ಆಟಿಕೆಯಲ್ಲಿ ಸತ್ತ ಮರಿಗೆ ಗೋರಿ ಕಾಣಿಸಿದರೆ ಅಮೆರಿಕದ್ದರಲ್ಲಿ ಅದು ರೆಕ್ಕೆಯ ದೇವದೂತನಾಗುತ್ತಿತ್ತು. ಆಟಿಕೆಯ ಸಾವಿಗೂ ಆಯಾ ನಾಡಿನ ಪರಲೋಕ ಬೇಕಾಯಿತೆಂಬುದು ಗಮನಾರ್ಹ.

ತಮಗೋಚಿಯೊಳಗಿನ ಎಪ್ಸನ್ 4 ಬಿಟ್ ಚಿಪ್ಪನ್ನು ಅನುಕರಿಸುವ ತಮಲಿಬ್ ತಂತ್ರಾಂಶದಿಂದ ಅದೇ ಮರಿ ಈಗ ಕಂಪ್ಯೂಟರಿನಲ್ಲಿ ಹುಟ್ಟುತ್ತದೆ. ಪ್ರೋಗ್ರಾಮು ಒಂದಕ್ಷರವೂ ಬದಲಾಗಿಲ್ಲ; ಆದರೆ ಆ ಗಳಿಗೆಯ ಸ್ಥಿತಿಯನ್ನೆಲ್ಲ ಕಡತವಾಗಿ ಉಳಿಸುವ ಸೇವ್ ಸ್ಟೇಟ್ ಸೌಲಭ್ಯವಿರುವುದರಿಂದ ಮರಿ ಸತ್ತರೂ ನಿನ್ನೆಗೆ ಹಿಂತಿರುಗಬಹುದು.

ಪ್ರಾಣವಿದೆಯೆಂದು ಭಾವಿಸಿದ ವಸ್ತುವಿಗೆ ಉಣಿಸುವ ನೇಮ ನಮ್ಮಲ್ಲೂ ಹಳೆಯದು. ಬಾದಾಮಿಯ ಮೂರನೆಯ ಗುಹೆಯಲ್ಲಿರುವ, ಚಾಲುಕ್ಯ ವಂಶದ ಮಂಗಲೇಶನ ಕ್ರಿ.ಶ. 578ರ ಶಾಸನ ವಿಷ್ಣುವಿನ ಪ್ರತಿಷ್ಠೆಯನ್ನು ಹೇಳಿ ಸುಮ್ಮನಾಗದೆ, ಅಲ್ಲಿಯ ಪೂಜೆಗೂ ಅನ್ನದಾನಕ್ಕೂ ಊರೊಂದನ್ನು ಬಿಟ್ಟುಕೊಟ್ಟದ್ದನ್ನು ದಾಖಲಿಸುತ್ತದೆ. ವಿಗ್ರಹ ಕೆತ್ತಿಸಿದವನೇ ಸೇವೆ ತಪ್ಪದಂತೆ ಕಟ್ಟುಮಾಡಿದ್ದಾನೆ.

ಇದಕ್ಕಿಂತ ಹತ್ತಿರದ ನಿದರ್ಶನ ಹುನಗುಂದ, ಇಳಕಲ್ಲ ಸುತ್ತಿನ ಹಳ್ಳಿಗಳ ಮಣ್ಣೆತ್ತಿನ ಅಮಾವಾಸ್ಯೆಯದು. ಕಾರಹುಣ್ಣಿಮೆಯ ನಂತರ ಬರುವ ಈ ದಿನ ಎರೆಮಣ್ಣನ್ನು ನಾದಿ, ಜೋಡೆತ್ತು ಮಾಡಿ, ಅವುಗಳ ಮುಂದೆ ಮೇವು ಹಾಕುವ ಗ್ವಾದಲಿಯನ್ನೂ ಮಣ್ಣಿನಲ್ಲೇ ತಿದ್ದಿ, ಜಗುಲಿಯ ಮೇಲಿಟ್ಟು, ಪೂಜಿಸಿ ಎಡೆ ಹಿಡಿಯುತ್ತಾರೆ. ಮರುದಿನ ಹುಡುಗರು ಒಂದೆತ್ತಿನ ಕಾಲು ಮುರಿದು, ಕುಂಟೆತ್ತೆಂದು ಮನೆಮನೆಗೆ ಒಯ್ದು ಜೋಳ ಬೇಡುತ್ತಾರೆ. ಕೊನೆಗೆ ಎತ್ತುಗಳನ್ನು ನೀರಿಗೆ ಬಿಡುತ್ತಾರೆ. ಮುಂದಿನ ವರ್ಷದ್ದು ಬೇರೆ ಮಣ್ಣು, ಬೇರೆ ಕೈ, ಬೇರೆ ಆಕಾರ. ಹಳೆಯ ಎತ್ತೇ ಮರಳಿ ಬಂತೇ ಎಂದು ಯಾರೂ ಕೇಳುವುದಿಲ್ಲ.

ಹಾಗೆ ನೋಡಿದರೆ ಏನನ್ನೂ ಯಥಾವತ್ತಾಗಿ ನಕಲು ಮಾಡದ ಮಣ್ಣೆತ್ತು ಹಳೆಯ ತಮಗೋಚಿಗೆ ಹತ್ತಿರದ್ದು. ಎಲ್ಲವನ್ನೂ ನಕಲು ಮಾಡಿದ ಎಮ್ಯುಲೇಟರು ದೂರದ್ದು, ಏಕೆಂದರೆ ಹೊತ್ತು ಮೀರಿದರೆ ಕಳೆದುಕೊಳ್ಳುವೆನೆಂಬ ಅಂಜಿಕೆಯನ್ನು ಅದು ತೆಗೆದುಹಾಕಿದೆ. ಕಡತವಿದ್ದೂ ಅದನ್ನು ಮುಟ್ಟದೆ ಮರಿಯನ್ನು ಸಾಯಲು ಬಿಡುವ ಆಟಗಾರ ಮಾತ್ರ ಈ ದೂರವನ್ನು ದಾಟಬಲ್ಲ. ಆದರೆ ಅವನು ಹಿಡಿದಿರುವುದು ವ್ರತವೇ ಹೊರತು ಆಟವಲ್ಲ.